ಗಲ್ಫ್ ಮಾಸ್ತರಿಕೆಯ ಸಂಬಳ: ಮೊದಲು ಕಳೆಯಿರಿ, ಆಮೇಲೆ ಗುಣಿಸಿ

ಅಂಕೋಲೆಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಬಿ.ಎಡ್ ಮುಗಿಸಿ ಕಾರವಾರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಳೆ. ಸಂಬಳ 22,000 ರೂಪಾಯಿ. ಈಗ ಅವಳ ಕೈಯಲ್ಲಿ ಎರಡು ಆಫರ್ ಇವೆ. ದುಬೈ ಶಾಲೆಯದ್ದು ತಿಂಗಳಿಗೆ 6,000 ದಿರ್ಹಾಮ್. ಶಾರ್ಜಾ ಶಾಲೆಯದ್ದು 4,500.

"ಅಕ್ಕೋರೇ, ದುಬೈದು ನಮ್ಮ ರೂಪಾಯಿಯಲ್ಲಿ ಒಂದು ಲಕ್ಷದ ಮೂವತ್ತೆಂಟು ಸಾವಿರ ಆಗ್ತದೆ. ಶಾರ್ಜಾದವ್ರಿಗೆ ಬೇಡ ಅಂತ ಹೇಳಿಬಿಡಲಾ?"

"ತಡಿ ಮಾರಾಯ್ತಿ. ಎರಡೂ ಕಾಗದ ತಗೊಂಡು ಭಾನುವಾರ ಕುಮಟೆಗೆ ಬಾ" ಎಂದೆ.

ಬಂದಳು. ಊಟ ಮುಗಿಸಿ ಜಗುಲಿಯಲ್ಲಿ ಕೂತೆವು. ಸಂಜೆ ಹೊತ್ತಿಗೆ ಅವಳ ಲೆಕ್ಕ ಪೂರ್ತಿ ತಿರುಗಿಬಿದ್ದಿತ್ತು. ಅವತ್ತು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನೇ ಇಲ್ಲಿ ಹಂತ ಹಂತವಾಗಿ ಇಡುತ್ತಿದ್ದೇನೆ. ಹೊನ್ನಾವರ, ಭಟ್ಕಳ, ಶಿರಸಿ ಎಲ್ಲ ಕಡೆಯಿಂದ ನನಗೆ ಇದೇ ಪ್ರಶ್ನೆ ಬರುತ್ತಿರುತ್ತದೆ. ನಾನು ಗಣಿತದ ಅಕ್ಕೋರು. ಎರಡು ವರ್ಷ ಮಾಲ್ಡೀವ್ಸ್‌ನ ಒಂದು ದ್ವೀಪದಲ್ಲಿ, ಆಮೇಲೆ ಏಳು ವರ್ಷ ಶಾರ್ಜಾದಲ್ಲಿ ಕಲಿಸಿ ಬಂದವಳು. ನಾನು ಹೊರಟಾಗ ಈ ಲೆಕ್ಕ ಹೇಳಿಕೊಡುವವರು ಯಾರೂ ಇರಲಿಲ್ಲ.

ದೊಡ್ಡ ಅಂಕಿ, ಸಣ್ಣ ಅಂಕಿ ಅಂತ ನೋಡಬೇಡಿ

ಒಮಾನ್‌ನಿಂದ 300 ರಿಯಾಲ್ ಅಂತ ಆಫರ್ ಬಂದರೆ ಮನೆಯವರ ಮುಖ ಸಪ್ಪಗಾಗುತ್ತದೆ. ಮಾಲ್ಡೀವ್ಸ್‌ನಿಂದ 12,000 ರುಫಿಯಾ ಅಂದರೆ ಅರಳುತ್ತದೆ. ಎರಡನ್ನೂ ಡಾಲರ್ ಮಾಡಿದರೆ ಎರಡೂ ಹೆಚ್ಚುಕಡಿಮೆ 780 ಡಾಲರ್. ಅಷ್ಟೇ.

ಹಾಗಾಗಿ ಮೊದಲ ಕೆಲಸ ಎಲ್ಲ ಆಫರ್‌ಗಳನ್ನೂ ಡಾಲರ್‌ಗೆ ತರುವುದು. ಗಲ್ಫಿನಲ್ಲಿ ಇದು ಸುಲಭ, ಅಲ್ಲಿನ ಹೆಚ್ಚಿನ ಕರೆನ್ಸಿಗಳನ್ನು ಡಾಲರ್‌ಗೆ ಕಟ್ಟಿಹಾಕಿದ್ದಾರೆ. ದುಬೈ, ಶಾರ್ಜಾ ಇರುವ ಯುಎಇ ದೇಶದ ದಿರ್ಹಾಮ್ 1997ರಿಂದ ಡಾಲರ್‌ಗೆ 3.6725ರಲ್ಲೇ ನಿಂತಿದೆ. ಸೌದಿ ರಿಯಾಲ್ 3.75, ಕತಾರ್ ರಿಯಾಲ್ 3.64. ಒಮಾನಿನ ಒಂದು ರಿಯಾಲ್ ಅಂದರೆ 2.6 ಡಾಲರ್, ಬಹ್ರೇನಿನ ಒಂದು ದಿನಾರ್ ಅಂದರೆ 2.65 ಡಾಲರ್. ಕುವೈತ್ ಮಾತ್ರ ಒಂದೇ ಕರೆನ್ಸಿಗೆ ಕಟ್ಟಿಕೊಂಡಿಲ್ಲ, ಹಲವು ಕರೆನ್ಸಿಗಳ ಬುಟ್ಟಿಗೆ ಕಟ್ಟಿಕೊಂಡಿದೆ.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. 2014ರಲ್ಲಿ ಡಾಲರ್ ಸುಮಾರು 61 ರೂಪಾಯಿ ಇತ್ತು, 2024ರಲ್ಲಿ ಸುಮಾರು 84. ಅಂದರೆ ದಿರ್ಹಾಮ್ ಹದಿನಾರೂವರೆಯಿಂದ ಇಪ್ಪತ್ತಮೂರರ ಹತ್ತಿರ ಬಂತು. "ಹತ್ತು ವರ್ಷದಲ್ಲಿ ನನ್ನ ಸಂಬಳ ಎಷ್ಟು ಏರಿತು ನೋಡಿ" ಅಂತ ಯಾರಾದರೂ ರೂಪಾಯಿಯಲ್ಲಿ ಹೇಳಿದರೆ, ಅವರ ಶಾಲೆ ಸಂಬಳ ಏರಿಸಿತೋ ಅಥವಾ ಬರೀ ರೂಪಾಯಿ ಇಳಿಯಿತೋ ಅಂತ ಕೇಳಿ. ಎರಡೂ ಬೇರೆ. ರೂಪಾಯಿ ಇಳಿದರೆ ಅಲ್ಲಿನ ಮನೆ ಬಾಡಿಗೆ ಕಟ್ಟಲು ನಿಮಗೆ ಏನೂ ಸಹಾಯ ಆಗುವುದಿಲ್ಲ.

ಇಲ್ಲಿಯೇ ಈ ಇಡೀ ಲೆಕ್ಕದ ಬೇರು ಇದೆ. ಅಮೆರಿಕದಲ್ಲಿ ಒಂದು ಡಾಲರ್‌ಗೆ ಸಿಗುವಷ್ಟು ಸಾಮಾನನ್ನು ಭಾರತದಲ್ಲಿ ಕೊಳ್ಳಲು 20ರಿಂದ 25 ರೂಪಾಯಿ ಸಾಕು ಎಂದು ವಿಶ್ವ ಬ್ಯಾಂಕಿನ ಅಂದಾಜು ಹೇಳುತ್ತದೆ. ಆದರೆ ಬ್ಯಾಂಕಿನಲ್ಲಿ ಒಂದು ಡಾಲರ್‌ಗೆ 80 ರೂಪಾಯಿಗಿಂತ ಜಾಸ್ತಿ ಕೊಡುತ್ತಾರೆ. ಈ ಎರಡರ ನಡುವಿನ ಅಂತರವೇ ನಮ್ಮವರು ಹೊರಗೆ ದುಡಿದು ಊರಲ್ಲಿ ಮನೆ ಕಟ್ಟುವುದರ ಗುಟ್ಟು. ಹಾಗಾದರೆ ಅಲ್ಲೇ ಖರ್ಚಾದ ದಿರ್ಹಾಮ್‌ಗೆ 23 ರೂಪಾಯಿಯ ಬೆಲೆ ಇಲ್ಲ, ಏಕೆಂದರೆ ಅದು ಅಲ್ಲಿನ ದರದಲ್ಲಿ ಕರಗುತ್ತದೆ. ಉಳಿದು ಊರಿಗೆ ಬಂದ ದಿರ್ಹಾಮ್‌ಗೆ ಮಾತ್ರ ಆ ಬೆಲೆ. ಸಂಬಳವನ್ನು 23ರಿಂದ ಗುಣಿಸಬೇಡಿ. ಖರ್ಚನ್ನೆಲ್ಲ ದಿರ್ಹಾಮ್‌ನಲ್ಲೇ ಕಳೆದು, ಉಳಿದದ್ದನ್ನು ಗುಣಿಸಿ.

ಆಫರ್ ಲೆಟರ್ ಬಿಚ್ಚಿ ಓದುವುದು

ಕೆಳಗಿನ ಒಟ್ಟು ಮೊತ್ತಕ್ಕೆ ಕೈ ಅಡ್ಡ ಇಟ್ಟುಕೊಂಡು ಉಳಿದದ್ದನ್ನು ಓದಿ. ನಾನು ಅವಳಿಗೂ ಹಾಗೇ ಹೇಳಿದೆ.

ಎಷ್ಟು ತಿಂಗಳ ಸಂಬಳ ಅನ್ನುವುದು ಮೊದಲ ಪ್ರಶ್ನೆ. ಗಲ್ಫಿನ ಭಾರತೀಯ ಶಾಲೆಗಳಲ್ಲಿ ಜುಲೈ-ಆಗಸ್ಟ್ ಬೇಸಿಗೆ ರಜೆ. ಆ ಎರಡು ತಿಂಗಳು ಸಂಬಳ ಉಂಟೋ ಇಲ್ಲವೋ ಕಾಗದದಲ್ಲಿ ಬರೆದಿರಬೇಕು. ನನ್ನ ಮೊದಲ ವರ್ಷ ಅದು ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಜೂನ್ ಕೊನೆಗೆ ಊರಿಗೆ ಹೊರಟಾಗ, ಮೊದಲ ವರ್ಷದವರಿಗೆ ರಜೆಯ ಸಂಬಳ ಇಲ್ಲ ಎಂದರು. ಎರಡು ತಿಂಗಳು ಕುಮಟೆಯಲ್ಲಿ ಕೈ ಖಾಲಿ. ಅದೇ ವರ್ಷ ತಂಗಿಯ ಮದುವೆ. ಆ ದಿನಗಳನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ, ಅದಕ್ಕೇ ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ.

ಎರಡನೆಯದು ಮೂಲ ವೇತನ. ಸಂಬಳವನ್ನು ಬೇಸಿಕ್ ಮತ್ತು ಭತ್ಯೆ ಅಂತ ಒಡೆದಿರುತ್ತಾರೆ. ಕೈಗೆ ಬರುವುದು ಒಂದೇ ಅಲ್ವಾ, ಹೇಗೆ ಒಡೆದರೇನು ಅನ್ನಿಸುತ್ತದೆ. ಆದರೆ ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ. ಒಂದು ವರ್ಷ ತುಂಬಿದ ಮೇಲೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. 4,500ರಲ್ಲಿ ಬೇಸಿಕ್ 2,000 ಇದ್ದರೆ ವರ್ಷಕ್ಕೆ 1,400 ದಿರ್ಹಾಮ್ ಸೇರುತ್ತದೆ. ಬೇಸಿಕ್ 3,000 ಇದ್ದರೆ 2,100. ಐದು ವರ್ಷಕ್ಕೆ 3,500 ದಿರ್ಹಾಮ್ ವ್ಯತ್ಯಾಸ. ಸಹಿ ಹಾಕುವ ಮೊದಲು ಒಂದು ಮಾತು ಕೇಳಿ ನೋಡಿ. ಕೆಲವು ಶಾಲೆಗಳು ಬದಲಾಯಿಸಿ ಕೊಡುತ್ತವೆ.

ಮೂರನೆಯದು ವಸತಿ. ಶಾಲೆಯೇ ಕೊಡುತ್ತದೋ, ಹಣ ಕೊಡುತ್ತದೋ, ಎರಡೂ ಇಲ್ಲವೋ? ಕೊಟ್ಟರೆ ಒಂದು ಕೋಣೆಗೆ ಎಷ್ಟು ಜನ? ಕರೆಂಟು, ನೀರಿನ ಬಿಲ್ಲು ಯಾರದ್ದು?

ಉಳಿದವು ಬೇಗ ಮುಗಿಯುತ್ತವೆ. ವರ್ಷಕ್ಕೊಮ್ಮೆ ಟಿಕೆಟ್ ಉಂಟೋ, ಟಿಕೆಟ್ಟೇ ಕೊಡುತ್ತಾರೋ ಅಥವಾ ಇಂತಿಷ್ಟು ಹಣವೋ ಕೇಳಿ. ಶಾಲೆಗೆ ರಜೆ ಬೀಳುವ ವಾರದಲ್ಲೇ ಎಲ್ಲರೂ ಹೊರಡುವುದರಿಂದ ಟಿಕೆಟ್ ದರ ಆಗ ವಿಪರೀತ ಏರುತ್ತದೆ, ಹಣ ಕೊಟ್ಟರೆ ಅದು ಸಾಲುವುದಿಲ್ಲ. ಆರೋಗ್ಯ ವಿಮೆ ಉದ್ಯೋಗದಾತರೇ ಮಾಡಿಸಬೇಕು, 2025ರ ಜನವರಿಯಿಂದ ಇದು ಯುಎಇಯ ಎಲ್ಲ ಎಮಿರೇಟ್‌ಗಳಿಗೂ ಅನ್ವಯ. ಆದರೆ ಗಂಡ, ಮಕ್ಕಳ ವಿಮೆ ನಿಮ್ಮ ತಲೆಯ ಮೇಲೆ ಬರಬಹುದು. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಕೊಳ್ಳುವ ಸಾಮಾನಿನ ಮೇಲೆ ವ್ಯಾಟ್ ಉಂಟು, ಯುಎಇಯಲ್ಲಿ 2018ರಿಂದ 5%, ಸೌದಿಯಲ್ಲಿ 2020ರಿಂದ 15%. "ಟ್ಯಾಕ್ಸ್ ಫ್ರೀ" ಅನ್ನುವ ಮಾತನ್ನು ಇಷ್ಟು ನೆನಪಿಟ್ಟುಕೊಂಡೇ ಕೇಳಿ.

ದುಬೈ ಶಾಲೆಗಳ ಮಟ್ಟಿಗೆ ಒಂದು ಉಪಯೋಗದ ದಾರಿ ಇದೆ. ಅಲ್ಲಿನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಕೆಎಚ್‌ಡಿಎ ಸಂಸ್ಥೆ ಶಾಲೆಗಳ ಫೀಸು ಮತ್ತು ತಪಾಸಣೆಯ ವರದಿಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಶಾಲೆಯ ಹೆಸರು ಹುಡುಕಿ ನೋಡಿ. ಮಕ್ಕಳಿಂದ ಕಡಿಮೆ ಫೀಸು ತೆಗೆದುಕೊಳ್ಳುವ ಶಾಲೆ ಟೀಚರಿಗೆ ಎಷ್ಟು ಕೊಡಬಲ್ಲದು ಅನ್ನುವ ಅಂದಾಜು ಅಲ್ಲೇ ಸಿಗುತ್ತದೆ.

ಅಲ್ಲಿನ ಖರ್ಚು: ಬಾಡಿಗೆಯಿಂದ ಶುರು

ನಮ್ಮ ಕಡೆ ಬಾಡಿಗೆ ಅಂದರೆ ತಿಂಗಳ ಕೊನೆಗೆ ಮಾಲೀಕರ ಕೈಗೆ ಕೊಡುವ ಹಣ. ದುಬೈಯಲ್ಲಿ ಫ್ಲ್ಯಾಟ್ ಹಿಡಿಯುವುದಾದರೆ ವರ್ಷದ ಬಾಡಿಗೆಯನ್ನು ಒಂದೋ, ಎರಡೋ, ನಾಲ್ಕೋ ಚೆಕ್‌ಗಳಲ್ಲಿ ಮುಂಚೆಯೇ ಬರೆದುಕೊಡುವುದು ರೂಢಿ. ಅದರ ಮೇಲೆ ಸಾಮಾನ್ಯವಾಗಿ 5% ಡೆಪಾಸಿಟ್, 5% ಏಜೆಂಟ್ ಕಮಿಷನ್. ಕರೆಂಟು-ನೀರಿನ ಸಂಪರ್ಕಕ್ಕೆ ಫ್ಲ್ಯಾಟ್‌ಗೆ 2,000 ದಿರ್ಹಾಮ್ ಡೆಪಾಸಿಟ್. ಸಾಲದ್ದಕ್ಕೆ ವರ್ಷದ ಬಾಡಿಗೆಯ 5%ದಷ್ಟು ನಗರಪಾಲಿಕೆ ಶುಲ್ಕ ಹನ್ನೆರಡು ಪಾಲಾಗಿ ಪ್ರತಿ ತಿಂಗಳ ಕರೆಂಟು-ನೀರಿನ ಬಿಲ್ಲಿನಲ್ಲಿ ಸೇರಿ ಬರುತ್ತದೆ. ಹೊಸದಾಗಿ ಹೋದ ಟೀಚರಮ್ಮನ ಹತ್ತಿರ ಇಷ್ಟು ಹಣ ಎಲ್ಲಿಂದ ಬರಬೇಕು? ಅದಕ್ಕೇ ಹೆಚ್ಚಿನವರು ಮೊದಲ ವರ್ಷ ಇನ್ನೊಬ್ಬರ ಫ್ಲ್ಯಾಟಿನಲ್ಲಿ ಒಂದು ಕೋಣೆಯನ್ನೋ, ಕೋಣೆಯಲ್ಲಿ ಒಂದು ಬೆಡ್ ಸ್ಪೇಸನ್ನೋ ಹಿಡಿಯುತ್ತಾರೆ.

ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಇದ್ದು ದುಬೈ ಶಾಲೆಗೆ ಹೋಗಿಬರುವವರು ಬಹಳ. ಅದು ಹಣ ಉಳಿಸುತ್ತದೆ, ನಿದ್ದೆ ಕಳೆಯುತ್ತದೆ. ಶಾರ್ಜಾ-ದುಬೈ ರಸ್ತೆಯ ಬೆಳಗಿನ ಟ್ರಾಫಿಕ್ ಕಂಡವರಿಗೆ ಗೊತ್ತು. ನನ್ನ ಜೊತೆಗಿದ್ದ ಒಬ್ಬರು ನಾಲ್ಕೂವರೆಗೆ ಎದ್ದು ಹೊರಡುತ್ತಿದ್ದರು, ಸಂಜೆ ಬಂದವರಿಗೆ ಅಡುಗೆ ಮಾಡುವ ಶಕ್ತಿ ಇರುತ್ತಿರಲಿಲ್ಲ, ಹೋಟೆಲಿನಿಂದ ತರಿಸಿ ತಿನ್ನುತ್ತಿದ್ದರು, ಬಾಡಿಗೆಯಲ್ಲಿ ಉಳಿದದ್ದರ ಒಂದು ಪಾಲು ಹೀಗೇ ಹೋಗುತ್ತಿತ್ತು.

ಇನ್ನು ಊಟ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅಂತರ್ಜಾಲದಲ್ಲಿ ಸಿಗುವ ಜೀವನ ವೆಚ್ಚದ ಪಟ್ಟಿಗಳಲ್ಲಿ ನಾವು ತಿನ್ನುವ ಯಾವುದೂ ಇರುವುದಿಲ್ಲ. ಬ್ರೆಡ್ಡು, ಚೀಸು, ಹೊರಗಿನ ಒಂದು ಕಾಫಿ ಅಂತ ಬರೆದಿರುತ್ತಾರೆ. ನಮಗೆ ಬೇಕಾದ್ದು ಅಕ್ಕಿ, ಕಾಯಿ, ಮೀನು ಅಥವಾ ತರಕಾರಿ, ಬೇಳೆ, ಮೊಸರು. ನಿಮ್ಮ ಮನೆಯ ಒಂದು ತಿಂಗಳ ದಿನಸಿ ಚೀಟಿ ತೆಗೆದುಕೊಳ್ಳಿ. ಅದರಲ್ಲಿ ಇರುವ ಹತ್ತು ಸಾಮಾನನ್ನು ಅಲ್ಲಿನ ಸೂಪರ್ ಮಾರ್ಕೆಟ್ ಆ್ಯಪ್‌ನಲ್ಲಿ ಹುಡುಕಿ ಬೆಲೆ ಬರೆದುಕೊಳ್ಳಿ. ಅರ್ಧ ಗಂಟೆಯ ಕೆಲಸ. ನಿಮಗೆ ಬೇಕಾದ ಪಟ್ಟಿ ಇದೊಂದೇ.

ಅಕ್ಕಿ, ಬೇಳೆ ಅಷ್ಟೇನೂ ಹೆದರಿಸುವುದಿಲ್ಲ. ಹಿತ್ತಲಿನ ಮರದಿಂದ ಬೀಳುವ ತೆಂಗಿನಕಾಯಿಗೆ ಅಲ್ಲಿ ಒಂದೊಂದಕ್ಕೂ ದುಡ್ಡು ಕೊಡಬೇಕು, ಅದು ನಮ್ಮ ಕರಾವಳಿಯವರಿಗೆ ದೊಡ್ಡ ಲೆಕ್ಕ, ದಿನಾ ಕಾಯಿ ಕಡೆಯುವ ಮನೆ ಅಲ್ವಾ. ಮೀನಿಗೆ ಕೊರತೆ ಇಲ್ಲ. ಶಾರ್ಜಾದ ಜುಬೈಲ್ ಮಾರುಕಟ್ಟೆಯಲ್ಲಿ ಬಂಗಡೆ, ತಾರ್ಲೆ, ಇಸ್ವಾಣ ಎಲ್ಲ ಕಂಡಿದ್ದೇನೆ. ಆದರೆ ಕುಮಟೆ ಮೀನು ಪೇಟೆಯಲ್ಲಿ ಮಧ್ಯಾಹ್ನದ ಮೇಲೆ ಪಾಲು ಕಡಿಮೆಗೆ ಕೇಳಿ ತರುವ ಹಾಗೆ ಅಲ್ಲಿ ಆಗುವುದಿಲ್ಲ.

ಮಾಲ್ಡೀವ್ಸ್‌ನ ದ್ವೀಪದಲ್ಲಿ ಇದು ತಲೆಕೆಳಗು. ಅಲ್ಲಿ ಟ್ಯೂನಾ ಮೀನು ಅಗ್ಗ, ಟೊಮೆಟೊ ದುಬಾರಿ. ತರಕಾರಿ ದೋಣಿಯಲ್ಲಿ ಬರಬೇಕು. ಹವೆ ಕೆಟ್ಟರೆ ದೋಣಿ ಇಲ್ಲ. ಸಸ್ಯಾಹಾರಿಗಳು, ಅದರಲ್ಲೂ ಶಿರಸಿ, ಸಿದ್ದಾಪುರದ ಕಡೆಯವರು ದ್ವೀಪಕ್ಕೆ ಹೋಗುವಾಗ ಊಟದ ಅಂದಾಜನ್ನು ಒಂದೂವರೆ ಪಾಲು ಇಟ್ಟುಕೊಳ್ಳಿ ಎಂದು ನಾನು ಯಾವಾಗಲೂ ಹೇಳುತ್ತೇನೆ.

ನಮ್ಮ ಹುಡುಗಿಯ ಲೆಕ್ಕಕ್ಕೆ ಬರೋಣ. ಇವು ಅವತ್ತು ನಾವು ಇಟ್ಟುಕೊಂಡ ಅಂದಾಜು, ನೀವು ನಿಮ್ಮದನ್ನು ಹಾಕಿಕೊಳ್ಳಿ. ಶಾರ್ಜಾ ಶಾಲೆ ಇಬ್ಬರಿಗೆ ಒಂದು ಕೋಣೆ, ಶಾಲೆಯ ಬಸ್ಸು, ವರ್ಷಕ್ಕೊಂದು ಟಿಕೆಟ್ ಕೊಡುತ್ತದೆ. ಅವಳ ಖರ್ಚು ಊಟಕ್ಕೆ 700, ಫೋನ್ ಮತ್ತು ಇಂಟರ್ನೆಟ್‌ಗೆ 150, ಓಡಾಟಕ್ಕೆ 100, ಬಟ್ಟೆ-ಔಷಧಿ-ಇತರೆ 350. ಒಟ್ಟು 1,300. ಉಳಿಯುವುದು 3,200.

ದುಬೈ ಶಾಲೆ ಏನೂ ಕೊಡುವುದಿಲ್ಲ, ಎಲ್ಲ ಆ 6,000ದಲ್ಲೇ. ಹಂಚಿಕೊಂಡ ಕೋಣೆಗೆ 1,800, ಕರೆಂಟು-ನೀರು-ಇಂಟರ್ನೆಟ್ ಪಾಲು 250, ಊಟ 800, ಮೆಟ್ರೊ-ಬಸ್ಸಿನ ತಿಂಗಳ ಪಾಸು 350, ಇತರೆ 500. ಒಟ್ಟು 3,700. ಉಳಿಯುವುದು 2,300.

ವರ್ಷಕ್ಕೆ ಶಾರ್ಜಾದಲ್ಲಿ 38,400 ದಿರ್ಹಾಮ್ ಉಳಿತಾಯ. ದುಬೈಯಲ್ಲಿ 27,600, ಅದರಲ್ಲಿ ಟಿಕೆಟ್‌ಗೆ 1,500 ತೆಗೆದರೆ 26,100. ಈಗ ಗುಣಿಸಿ. ದಿರ್ಹಾಮ್‌ಗೆ 23 ರೂಪಾಯಿ ಹಿಡಿದರೆ ಶಾರ್ಜಾ 8,83,200, ದುಬೈ 6,00,300. ತಿಂಗಳಿಗೆ 1,500 ದಿರ್ಹಾಮ್ ಕಡಿಮೆ ಸಂಬಳದ ಕೆಲಸದಲ್ಲಿ ವರ್ಷಕ್ಕೆ 2,82,900 ರೂಪಾಯಿ ಜಾಸ್ತಿ ಉಳಿಯುತ್ತದೆ. ಅವಳು ಆ ಸಂಖ್ಯೆಯನ್ನು ಎರಡು ಸಲ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದಳು.

ಊರಿನ ಕಡೆಯ ಲೆಕ್ಕ: ಯಾರೂ ಹಾಕದೇ ಇರುವುದು

ನನಗೆ ಹೆಚ್ಚು ಹೇಳಬೇಕು ಅನ್ನಿಸುವುದು ಇದನ್ನೇ. ಊರಲ್ಲಿ ನಮಗೆ ಸಂಬಳದ ಜೊತೆ ಇನ್ನೊಂದು ಸಂಬಳ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಬಾಡಿಗೆ ಇಲ್ಲದ ಸ್ವಂತ ಮನೆ. ಬಾವಿಯ ನೀರು. ಹಿತ್ತಲಿನ ಕಾಯಿ, ಬಾಳೆ, ನುಗ್ಗೆ, ಬೇಸಿಗೆಯಲ್ಲಿ ಹಲಸು, ಮುರುಗಲು, ಅಪ್ಪೆಮಿಡಿ. ಮಗುವನ್ನು ನೋಡಿಕೊಳ್ಳುವ ಅಮ್ಮ ಅಥವಾ ಅತ್ತೆ. ಇದಕ್ಕೆಲ್ಲ ಬೆಲೆ ಕಟ್ಟಿದರೆ ಆ 22,000ದ ಸಂಬಳ 22,000ದಷ್ಟೇ ಅಲ್ಲ. ಅಂಕೋಲೆಯಲ್ಲಿ ಅಪ್ಪ-ಅಮ್ಮನ ಮನೆಯಲ್ಲಿದ್ದುಕೊಂಡು ಅವಳು ತಿಂಗಳಿಗೆ 12,000 ಉಳಿಸುತ್ತಿದ್ದಾಳೆ, ವರ್ಷಕ್ಕೆ 1,44,000. ಹೋದರೆ ಇದು ನಿಲ್ಲುತ್ತದೆ. ಹಾಗಾಗಿ ಅದನ್ನು ಕಳೆಯಲೇಬೇಕು.

ನೀವು ಹೋದ ಮೇಲೆ ಊರಿನಲ್ಲಿ ಹೊಸ ಖರ್ಚು ಹುಟ್ಟುತ್ತದೆ. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವಳು ನೀವು, ಈಗ ರಿಕ್ಷಾ ಮಾಡಬೇಕು, ಜೊತೆಗೆ ಒಬ್ಬರು ಬೇಕು. ಅಮ್ಮನಿಗೆ ಮನೆಗೆಲಸಕ್ಕೆ ಒಬ್ಬರು. ತೋಟ ಇದ್ದರೆ ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೆ, ಆಳುಗಳಿಗೆ ಕೊಡುವ ಹಣ ನಿಮ್ಮ ಕಡೆಯಿಂದಲೇ ಹೋಗುತ್ತದೆ. ಇವಳ ಮನೆಗೆ ತಿಂಗಳಿಗೆ 6,000 ಇಟ್ಟೆವು, ವರ್ಷಕ್ಕೆ 72,000.

ಆಸ್ಪತ್ರೆಯ ವಿಷಯ ಬಂದಾಗ ಇನ್ನೊಂದು ಮಾತು. ದೊಡ್ಡ ಕಾಯಿಲೆ ಬಂದರೆ ನಮ್ಮ ಜಿಲ್ಲೆಯವರು ಮಣಿಪಾಲಕ್ಕೋ, ಮಂಗಳೂರಿಗೋ, ಗೋವಾಕ್ಕೋ, ಹುಬ್ಬಳ್ಳಿಗೋ ಓಡಬೇಕು. ಆ ದಿನ ನೀವು ಸಾವಿರಾರು ಮೈಲಿ ದೂರ ಇರುತ್ತೀರಿ. ಮೊದಲ ಆರು ತಿಂಗಳ ಉಳಿತಾಯದಲ್ಲಿ ಒಂದು ಲಕ್ಷವನ್ನು ತಂದೆ-ತಾಯಿಯ ಹೆಸರಿನ ಖಾತೆಯಲ್ಲಿ ಇಡಿ, ಅವರ ಕೈಗೆ ಎಟಿಎಂ ಕಾರ್ಡ್ ಕೊಡಿ, ಬಳಸುವುದನ್ನು ಕಲಿಸಿ ಹೋಗಿ. ಅವರಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ ಹೊರಡುವ ಮುಂಚೆ ಮಾಡಿಸಿ. ಇದನ್ನು ನಾನು ಖರ್ಚಿನ ಸಾಲಿನಲ್ಲಿ ಬರೆಯುವುದಿಲ್ಲ, ಆದರೆ ಮಾಡದೆ ಹೋಗಬೇಡಿ.

ವರ್ಷಕ್ಕೊಮ್ಮೆ ಬರುವ ಖರ್ಚು ಬೇರೆಯೇ. ಗೋವಾಕ್ಕೋ ಮಂಗಳೂರಿಗೋ ಇಳಿದು ಕಾರು ಮಾಡಿ ಬರಬೇಕು. ಬಂದವರಿಗೆ ಚಾಕೊಲೇಟು, ಸೆಂಟು, ಬಾದಾಮಿ. ಮದುವೆ, ಗೃಹಪ್ರವೇಶ, ದೇವರ ಕಾರ್ಯ, ಎಲ್ಲವೂ ನೀವು ಬರುವ ತಿಂಗಳಿಗೇ ಇಟ್ಟುಕೊಂಡ ಹಾಗೆ ಇರುತ್ತವೆ. ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಆ ಪ್ರೀತಿಗೋಸ್ಕರವೇ ಅಲ್ವಾ ನಾವು ಬರುವುದು. ಆದರೆ ಅದಕ್ಕೆ ಮೊದಲೇ ಒಂದು ಮೊತ್ತ ತೆಗೆದಿಡಿ. ಇವಳಿಗೆ 80,000 ಇಟ್ಟೆವು.

ಹೊರಡುವ ಮೊದಲಿನ ಖರ್ಚು

ಡಿಗ್ರಿ ಮತ್ತು ಬಿ.ಎಡ್ ಸರ್ಟಿಫಿಕೇಟುಗಳ ದೃಢೀಕರಣಕ್ಕೆ ಹಣವೂ ಬೇಕು, ತಾಳ್ಮೆಯೂ ಬೇಕು. ನಮ್ಮ ಜಿಲ್ಲೆಯ ಹೆಚ್ಚಿನವರ ಡಿಗ್ರಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಯುಎಇಗಾದರೆ ಮೊದಲು ರಾಜ್ಯದ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಆಮೇಲೆ ಯುಎಇ ರಾಯಭಾರ ಕಚೇರಿಯಲ್ಲಿ ಮುದ್ರೆ ಬೀಳಬೇಕು. ಒಮಾನ್, ಬಹ್ರೇನ್, ಸೌದಿ ದೇಶಗಳು ಅಪಾಸ್ಟಿಲ್ ಒಪ್ಪಂದದಲ್ಲಿ (ಒಂದು ದೇಶದ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ನೇರವಾಗಿ ಒಪ್ಪುವ ಒಪ್ಪಂದ) ಇರುವುದರಿಂದ ಅಲ್ಲಿಗೆ ರಾಯಭಾರ ಕಚೇರಿಯ ಸುತ್ತು ತಪ್ಪುತ್ತದೆ. ಮೂಲ ಅಂಕಪಟ್ಟಿಗಳು ಎಲ್ಲವೂ ಇವೆಯೇ, ಪಾಸ್‌ಪೋರ್ಟಿನ ಹೆಸರಿಗೂ ಸರ್ಟಿಫಿಕೇಟಿನ ಹೆಸರಿಗೂ ಇನಿಶಿಯಲ್ ಹೊಂದುತ್ತದೆಯೇ ಈಗಲೇ ನೋಡಿಕೊಳ್ಳಿ.

ವೀಸಾ ಮತ್ತು ನೇಮಕದ ಖರ್ಚನ್ನು ಯುಎಇ ಕಾನೂನಿನ ಪ್ರಕಾರ ಉದ್ಯೋಗದಾತರೇ ಭರಿಸಬೇಕು, ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಭಾರತದಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಏಜೆಂಟ್ ನೋಂದಾಯಿತನೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. "ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಾಯಿಸುತ್ತೇವೆ" ಅಂದು ಕೆಲಸ ಶುರು ಮಾಡಿಸುವವರ ಹತ್ತಿರ ಹೋಗಬೇಡಿ.

ದೃಢೀಕರಣ, ಬೆಂಗಳೂರು ಓಡಾಟ, ಬಟ್ಟೆ, ಮೊದಲ ಸಂಬಳ ಬರುವವರೆಗಿನ ಕೈಖರ್ಚು ಎಲ್ಲ ಸೇರಿ ಅವಳಿಗೆ 1,20,000 ಅಂದಾಜು ಮಾಡಿದೆವು. ಎರಡು ವರ್ಷದ ಕರಾರು, ಹಾಗಾಗಿ ವರ್ಷಕ್ಕೆ 60,000.

ಈಗ ಎಲ್ಲ ಒಟ್ಟಿಗೆ. ಶಾರ್ಜಾದ 8,83,200ರಲ್ಲಿ ಊರಿನ ಉಳಿತಾಯ 1,44,000 ಕಳೆಯಿರಿ. ಮನೆಯ ಹೊಸ ಖರ್ಚು 72,000 ಕಳೆಯಿರಿ. ಊರಿಗೆ ಬಂದುಹೋಗುವ 80,000, ಹೊರಡುವ ಖರ್ಚಿನ 60,000 ಕಳೆಯಿರಿ. ಉಳಿದದ್ದು 5,27,200. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 44,000 ರೂಪಾಯಿ. 4,500 ದಿರ್ಹಾಮ್ ಅಂದರೆ 1,03,500 ರೂಪಾಯಿ ಎಂದು ಗುಣಿಸಿ ಹೇಳುತ್ತಾರಲ್ಲ, ಅದರೊಳಗೆ ನಿಜವಾಗಿ ಹೊಸದಾಗಿ ಕೈ ಸೇರುವುದು ಈ 44,000. ಇದು ಸಣ್ಣ ಹಣ ಅಲ್ಲ. ಐದು ವರ್ಷ ದುಡಿದರೆ ಮನೆಯ ಸಾಲ ತೀರಬಹುದು. ಆದರೆ ಐದು ವರ್ಷ ಅಪ್ಪ-ಅಮ್ಮನನ್ನು ಬಿಟ್ಟು ಹೋಗುವ ನಿರ್ಧಾರವನ್ನು ಈ 44,000ದ ಎದುರು ಇಟ್ಟು ಮಾಡಬೇಕು.

ಮಕ್ಕಳೊಂದಿಗೆ ಹೋಗುವವರ ಲೆಕ್ಕ ಪೂರ್ತಿ ಬೇರೆ. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು 4,000 ದಿರ್ಹಾಮ್ ಸಂಬಳ, ಅಥವಾ 3,000 ಮತ್ತು ವಸತಿ ಇದ್ದರೆ ಸಾಕು. ಕಾನೂನಿಗೆ ಅದು ಸಾಕು, ಸಂಸಾರಕ್ಕೆ ಸಾಲುವುದಿಲ್ಲ. ಒಬ್ಬರದ್ದೇ ಟೀಚರ್ ಸಂಬಳವಾದರೆ ಬಾಡಿಗೆಯೇ ಅರ್ಧಕ್ಕಿಂತ ಹೆಚ್ಚು ತಿನ್ನುತ್ತದೆ. ಹಲವು ಶಾಲೆಗಳು ಸಿಬ್ಬಂದಿಯ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಕೊಡುತ್ತವೆ, ಎಷ್ಟು ಮಕ್ಕಳಿಗೆ, ಎಷ್ಟು ಪಾಲು ಎಂದು ಬರೆಸಿಕೊಳ್ಳಿ. ಗಂಡ-ಹೆಂಡತಿ ಇಬ್ಬರೂ ದುಡಿಯುವಂತಿದ್ದರೆ ಮಾತ್ರ ಉಳಿತಾಯದ ಮಾತು.

ಬೇರೆ ದೇಶಗಳು, ಚುಟುಕಾಗಿ

ಮಾಲ್ಡೀವ್ಸ್‌ನಲ್ಲಿ ಟೀಚರ್ ಸಂಬಳಕ್ಕೆ ಸಾಮಾನ್ಯವಾಗಿ ತೆರಿಗೆ ತಾಗುವುದಿಲ್ಲ, ತಿಂಗಳಿಗೆ 60,000 ರುಫಿಯಾ ದಾಟಿದ ಮೇಲೆ ತೆರಿಗೆ. ಅಲ್ಲಿನ ಕಷ್ಟ ಬೇರೆ. ಸಂಬಳ ರುಫಿಯಾದಲ್ಲಿ, ಊರಿಗೆ ಕಳಿಸಬೇಕಾದದ್ದು ಡಾಲರ್‌ನಲ್ಲಿ, ಡಾಲರ್‌ಗೆ ಅಲ್ಲಿ ಸದಾ ಬರ. ಬ್ಯಾಂಕು ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕುತ್ತದೆ. ಡಾಲರ್‌ಗೆ 15.42 ರುಫಿಯಾ ಎಂಬ ಅಧಿಕೃತ ದರ ಕಾಗದದಲ್ಲಿ ಇರುತ್ತದೆ, ಹೊರಗೆ ಕೊಳ್ಳಲು ಹೋದರೆ ಅದಕ್ಕಿಂತ ಜಾಸ್ತಿ. ಅಲ್ಲಿಗೆ ಹೋಗುವವರು ಸಂಬಳ ಎಷ್ಟು ಅಂತ ಕೇಳುವ ಮೊದಲು "ಈಗ ತಿಂಗಳಿಗೆ ಎಷ್ಟು ಕಳಿಸಲು ಆಗುತ್ತಿದೆ" ಎಂದು ಅಲ್ಲಿರುವ ಟೀಚರನ್ನೇ ಕೇಳಿ.

ಇಂಗ್ಲೆಂಡಿಗೆ ಹೋಗುವ ಮಾತು ಈಗ ಜಾಸ್ತಿ. 2023ರಿಂದ ಭಾರತದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರು ಅಲ್ಲಿ ಶಿಕ್ಷಕರಿಗೆ ಕೊಡುವ ಕ್ಯೂಟಿಎಸ್ ಎಂಬ ಅರ್ಹತೆಗೆ ನೇರವಾಗಿ ಅರ್ಜಿ ಹಾಕಬಹುದು. ಸಂಬಳ ಬಹಿರಂಗವಾಗಿಯೇ ಇದೆ. ಲಂಡನ್ ಹೊರಗೆ 2024ರ ಸೆಪ್ಟೆಂಬರಿನಿಂದ ಆರಂಭದ ಸಂಬಳ ವರ್ಷಕ್ಕೆ 31,650 ಪೌಂಡ್ ಇತ್ತು. ಅದರಲ್ಲಿ 12,570ರ ಮೇಲಿನದಕ್ಕೆ 20% ತೆರಿಗೆ, 8% ರಾಷ್ಟ್ರೀಯ ವಿಮೆ, ಶಿಕ್ಷಕರ ಪಿಂಚಣಿಗೆ 7.4%. ನಾನು ಹಾಕಿದ ಲೆಕ್ಕದಲ್ಲಿ ಕೈಗೆ ತಿಂಗಳಿಗೆ ಸುಮಾರು 2,030 ಪೌಂಡ್ ಬರುತ್ತದೆ. ಅದರಿಂದಲೇ ಬಾಡಿಗೆ, ಕೌನ್ಸಿಲ್ ತೆರಿಗೆ, ಚಳಿಗಾಲದ ಹೀಟರ್ ಬಿಲ್ಲು. ವೀಸಾ ಜೊತೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ, ಅದನ್ನೂ ಎಲ್ಲ ವರ್ಷಗಳಿಗೂ ಸೇರಿಸಿ ಮುಂಗಡವಾಗಿ. ಅಲ್ಲಿ ನೆಲೆಸುವ ಮನಸ್ಸಿದ್ದವರಿಗೆ ಅದು ಸರಿ. ನಾಲ್ಕು ವರ್ಷ ದುಡಿದು ಊರಲ್ಲಿ ಮನೆ ಕಟ್ಟುತ್ತೇನೆ ಅನ್ನುವವರಿಗೆ ವಸತಿ ಕೊಡುವ ಗಲ್ಫ್ ಶಾಲೆಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹಣ ಕಳಿಸುವುದು, ತೆರಿಗೆ, ಖಾತೆ

ಕೆಲಸಕ್ಕೆ ಅಂತ ಹೊರಟ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಹೊರದೇಶದಲ್ಲಿ ಇರುವವರು ಊರಿನ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ) ಬದಲಾಯಿಸಬೇಕು. ಹೊರಗಿನ ಸಂಬಳ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಿರಿ. ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಸರ್ಕಾರದ ದೀರ್ಘಾವಧಿ ಉಳಿತಾಯದ ಪಿಪಿಎಫ್ ಖಾತೆ ಹಳೆಯದು ಇದ್ದರೆ ಅವಧಿ ಮುಗಿಯುವವರೆಗೆ ಕಟ್ಟಬಹುದು, ಹೊಸದು ತೆರೆಯಲು ಆಗುವುದಿಲ್ಲ. ಹಾಗಾಗಿ ತೆರೆಯುವ ಮನಸ್ಸಿದ್ದರೆ ಹೊರಡುವ ಮೊದಲೇ ತೆರೆಯಿರಿ.

ಹೊರಡುವ ದಿನಾಂಕಕ್ಕೂ ತೆರಿಗೆಗೂ ಸಂಬಂಧ ಇದೆ. ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದರೆ ಆ ವರ್ಷಕ್ಕೆ ನೀವು ಇಲ್ಲಿನ ನಿವಾಸಿ, ಹೊರಗಿನ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 29ಕ್ಕೆ 182 ಆಗುತ್ತದೆ. ಹಾಗಾಗಿ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಟಿಕೆಟ್ ಹುಡುಕುವವರು ಒಂದೆರಡು ದಿನದ ಆಸೆಗೆ 28 ದಾಟಿಸಬೇಡಿ.

ಹಣ ಕಳಿಸುವಾಗ ಪ್ರತಿ ಸಲಕ್ಕೂ ಶುಲ್ಕ ಉಂಟು, ಹಾಗಾಗಿ ವಾರವಾರ ಕಳಿಸದೆ ತಿಂಗಳಿಗೊಮ್ಮೆ ಕಳಿಸಿ. ಶುಲ್ಕ ಇಲ್ಲ ಎಂದು ಬೋರ್ಡ್ ಹಾಕಿದವರು ದರದಲ್ಲಿ ಕಡಿತ ಮಾಡಿರುತ್ತಾರೆ, "ನಾನು ಇಷ್ಟು ಕೊಟ್ಟರೆ ಊರಲ್ಲಿ ಎಷ್ಟು ರೂಪಾಯಿ ಬೀಳುತ್ತದೆ" ಎಂದು ಅದೊಂದನ್ನೇ ಕೇಳಿ ಹೋಲಿಸಿ. ಹವಾಲಾದವರು ನಾಲ್ಕಾಣೆ ಜಾಸ್ತಿ ಕೊಡುತ್ತೇವೆ ಎಂದರೂ ಆ ಕಡೆ ತಲೆ ಹಾಕಬೇಡಿ. ಅದು ಕಾನೂನುಬಾಹಿರ, ನಾಳೆ ಮನೆ ಕಟ್ಟುವಾಗ ಈ ಹಣ ಎಲ್ಲಿಂದ ಬಂತು ಎಂದು ತೋರಿಸಲು ಕಾಗದ ಇರುವುದಿಲ್ಲ.

ಆ ಭಾನುವಾರದ ನಂತರ ಅವಳು ಶಾರ್ಜಾ ಶಾಲೆಗೆ ಮೂರು ಪ್ರಶ್ನೆ ಬರೆದು ಮೇಲ್ ಮಾಡಿದಳು. ಬೇಸಿಕ್ ಎಷ್ಟು, ಕೋಣೆಯ ಕರೆಂಟು ಬಿಲ್ಲು ಯಾರದ್ದು, ಜುಲೈ-ಆಗಸ್ಟ್ ಸಂಬಳ ಉಂಟೋ. ಮೊದಲ ಎರಡಕ್ಕೆ ಉತ್ತರ ಬಂದಿದೆ. ಬೇಸಿಕ್ 2,700, ಬಿಲ್ಲು ಶಾಲೆಯದ್ದು. ಮೂರನೆಯದಕ್ಕೆ "ಶಾಲೆಯ ನಿಯಮದಂತೆ" ಎಂದಷ್ಟೇ ಬರೆದಿದ್ದಾರೆ. ರಜೆಯಲ್ಲಿ ಸಂಬಳ ಇಲ್ಲದೆ ಅವಳು ಊರಿಗೆ ಬಂದರೆ ವರ್ಷದ ಉಳಿತಾಯ 38,400ರಿಂದ 32,000ಕ್ಕೆ ಇಳಿಯುತ್ತದೆ, ನಮ್ಮ ರೂಪಾಯಿಯಲ್ಲಿ 1,47,200 ಕಡಿಮೆ. ಹೌದು ಅಥವಾ ಇಲ್ಲ ಅಂತ ಬರಹದಲ್ಲಿ ಬರಲಿ, ಅಲ್ಲಿಯವರೆಗೆ ಕಾರವಾರದ ಶಾಲೆಗೆ ರಾಜೀನಾಮೆ ಕೊಡಬೇಡ ಎಂದು ಹೇಳಿದ್ದೇನೆ.